ಡಿಕ್ಕಿಯಲ್ಲಿ ಮೂಟೆಯೂ ಹಿಡಿಯಲಿ, ಬೇಸೂ ಬರಲಿ: ಕಡಿಮೆ ಖರ್ಚಿನ ಕಾರ್ ಸಬ್‌ವೂಫರ್ ಮಾರ್ಗದರ್ಶಿ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಗೆ ಹೋಗಿ ಸಬ್‌ವೂಫರ್, ಅಂದರೆ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್, ತೋರಿಸಿ ಎಂದರೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಬರುತ್ತವೆ: ಎಷ್ಟು ಬಜೆಟ್, ಎಷ್ಟು ಇಂಚು? ಇವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರ ಬರುವುದಿಲ್ಲ: ಈ ಕಾರಿನ ಡಿಕ್ಕಿಯಲ್ಲಿ ಏನೇನು ಹೋಗುತ್ತದೆ? ನಮ್ಮ ಕಡೆಯ ಕಾರುಗಳು ಮನೆ-ಕಚೇರಿ ಓಡಾಟಕ್ಕೆ ಮಾತ್ರ ಇರುವವಲ್ಲ. ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆ, ಆಮೇಲೆ ಕಾಳುಮೆಣಸು, ಮಳೆಗೆ ಮುಂಚೆ ಗೊಬ್ಬರ, ನಡುನಡುವೆ ನೆಂಟರ ಮದುವೆಗೆ ಹೊರಟ ಇಡೀ ಮನೆಯ ಸಾಮಾನು. ಅರ್ಧ ಡಿಕ್ಕಿಯನ್ನು ಕಾಯಂ ಆಗಿ ಒಂದು ಪೆಟ್ಟಿಗೆಗೆ ಬರೆದುಕೊಟ್ಟವರು ಮುಂದಿನ ಕೊಯ್ಲಿಗೇ ಅದನ್ನು ಬಿಚ್ಚಿ ಅಟ್ಟಕ್ಕೆ ಏರಿಸುತ್ತಾರೆ. ಬ್ರ್ಯಾಂಡಿನ ವಿಚಾರ ಅದಾದ ಮೇಲೆ.

ಈ ಲೇಖನದಲ್ಲಿ ಕಡಿಮೆ ಖರ್ಚು ಎಂದರೆ ಸಬ್‌ವೂಫರ್, ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರ್, ತಂತಿ, ಪೆಟ್ಟಿಗೆ, ಕೂಲಿ ಎಲ್ಲವೂ ಸೇರಿ 15,000 ರೂಪಾಯಿಯ ಆಸುಪಾಸು. ಇಷ್ಟರಲ್ಲಿ ಎದೆ ನಡುಗಿಸುವ ವ್ಯವಸ್ಥೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಡೊಳ್ಳಿನ ಪೆಟ್ಟು ಡೊಳ್ಳಿನಂತೆಯೇ ಕೇಳುವ, ಮುಂದಿನ ಸೀಟಿನ ಮಾತುಕತೆಗೆ ಅಡ್ಡಿಯಾಗದ ತುಂಬು ಸದ್ದು ಖಂಡಿತ ಸಿಗುತ್ತದೆ. ಷರತ್ತು ಒಂದೇ: ಹಣವನ್ನೆಲ್ಲ ಡಬ್ಬದ ಮೇಲಿನ ವ್ಯಾಟಿಗೆ ಸುರಿಯದೆ ತಂತಿಗೆ, ಪೆಟ್ಟಿಗೆಗೆ, ಕೊನೆಯ ಅರ್ಧ ದಿನದ ಹೊಂದಾಣಿಕೆಗೆ ಉಳಿಸಿಕೊಳ್ಳಬೇಕು.

ನಿಜವಾಗಿಯೂ ಬೇಕೇ?

ಸಬ್‌ವೂಫರಿನ ಕೆಲಸ ಬಹಳ ಚಿಕ್ಕದು. ಸುಮಾರು 20ರಿಂದ 80 ಹರ್ಟ್ಸ್ ವರೆಗಿನ ತಗ್ಗಿನ ಸದ್ದನ್ನು ಹೊರಡಿಸುವುದು, ಅಷ್ಟೇ. ಬಾಗಿಲಿನ ಆರು ಅಥವಾ ಆರೂವರೆ ಇಂಚಿನ ಸ್ಪೀಕರುಗಳಿಗೆ ಆ ತಗ್ಗು ಎಟುಕುವುದಿಲ್ಲ. ಬಲವಂತ ಮಾಡಿದರೆ ಗೊಗ್ಗರು ಹೊರಡುತ್ತದೆ. ಆದರೆ ಹಾಡುವವರ ಧ್ವನಿ, ಕೊಳಲು, ತಾಳ, ಚಂಡೆಯ ಮೊನಚು ಇವಕ್ಕೂ ಸಬ್‌ವೂಫರಿಗೂ ಸಂಬಂಧವಿಲ್ಲ. ಕಾರಿನಲ್ಲಿ ಧ್ವನಿಯೇ ಮಂಕಾಗಿ ಕೇಳುತ್ತಿದ್ದರೆ ಮೊದಲು ಮುಂದಿನ ಬಾಗಿಲಿನ ಸ್ಪೀಕರ್ ಬದಲಿಸಿ. ಸ್ಟೀರಿಯೊದಲ್ಲಿ ಯಾರೋ ಏರಿಸಿಟ್ಟ ಬೇಸ್, ಟ್ರೆಬಲ್, ಲೌಡ್‌ನೆಸ್ ಎಲ್ಲವನ್ನೂ ಸೊನ್ನೆಗೆ ತಂದು ಒಂದು ವಾರ ಕೇಳಿ. ಹಾಗೆ ಮಾಡಿದ ಮೇಲೂ ಸಂಗೀತಕ್ಕೆ ತಳವಿಲ್ಲ ಅನ್ನಿಸಿದರೆ ಮುಂದೆ ಓದಿ.

ಮೂರು ಬಗೆ, ಮೂರು ಬಗೆಯ ಕಾರು

ಮೊದಲನೆಯದು ಸೀಟಿನಡಿ ಕೂರುವ ತೆಳುವಾದ ಸಬ್‌ವೂಫರ್. ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ, ಶಂಕು (ಅದುರಿ ಸದ್ದು ಹೊರಡಿಸುವ ಕೋನ್) ಸಾಮಾನ್ಯವಾಗಿ ಎಂಟು ಇಂಚು. ಡಿಕ್ಕಿಯ ಒಂದಿಂಚು ಜಾಗವೂ ಹೋಗುವುದಿಲ್ಲ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವವರಿಗೆ ಬಹುತೇಕ ಇದೊಂದೇ ದಾರಿ. ಆದರೆ ತೀರಾ ತಗ್ಗಿನ ಸದ್ದನ್ನು ಇದು ಕೊಡದು. 40 ಹರ್ಟ್ಸ್‌ಗಿಂತ ಕೆಳಗೆ ಇದರ ಉಸಿರು ಕಟ್ಟುತ್ತದೆ. ಕೊಳ್ಳುವ ಮುನ್ನ ಟೇಪು ಹಿಡಿದು ಸೀಟಿನಡಿಯ ಎತ್ತರವನ್ನು, ಸೀಟು ಪೂರ್ತಿ ಹಿಂದಕ್ಕೆ ಹೋದಾಗಲೂ ಮುಂದಕ್ಕೆ ಬಂದಾಗಲೂ, ಅಳೆಯಿರಿ. ಕೆಲವು ಕಾರುಗಳಲ್ಲಿ ಹಿಂದಿನ ಸೀಟಿನವರ ಕಾಲಿಗೆ ಗಾಳಿ ಬಿಡುವ ಎ.ಸಿ. ಕೊಳವೆ ಅಲ್ಲೇ ಹಾದುಹೋಗಿರುತ್ತದೆ. ಹಳದಿ ಕಪ್ಲರ್ ಅಥವಾ ಹಳದಿ ಹೊದಿಕೆಯ ತಂತಿ ಕಂಡರೆ ಅದು ಏರ್‌ಬ್ಯಾಗಿನದು, ಕೈ ಹಾಕಬೇಡಿ.

ಮಲೆನಾಡಿನವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಕಾರಿನೊಳಗೆ ಕಾಲಿಟ್ಟವರೆಲ್ಲ ಒಂದಿಷ್ಟು ಕೆಸರು, ಒಂದಿಷ್ಟು ನೀರು ತಂದೇ ತರುತ್ತಾರೆ. ಆ ನೀರು ಇಳಿದು ನಿಲ್ಲುವುದು ಸೀಟಿನಡಿಯ ಕಾರ್ಪೆಟ್ಟಿನಲ್ಲಿ, ಅಂದರೆ ನಿಮ್ಮ ಹೊಸ ಸಬ್‌ವೂಫರಿನ ಹೊಟ್ಟೆಯ ಕೆಳಗೆ. ಹಾಗಾಗಿ ನೆಲಕ್ಕೆ ಅಂಟಿಸದೆ ಕಬ್ಬಿಣದ ಪಟ್ಟಿಯ ಮೇಲೆ ಒಂದೆರಡು ಸೆಂಟಿಮೀಟರ್ ಎತ್ತರಿಸಿ ಕೂರಿಸಿ. ಹಿಂದಿನ ಸೀಟಿನವರ ಒದ್ದೆ ಚಪ್ಪಲಿ ತಾಗದ ಕಡೆಗೆ ಕನೆಕ್ಟರುಗಳ ಮುಖವಿರಲಿ.

ಎರಡನೆಯದು ಪೆಟ್ಟಿಗೆಯೊಳಗೇ ಆಂಪ್ಲಿಫೈಯರ್ ಇಟ್ಟು ಸಿದ್ಧವಾಗಿ ಬರುವ ಹತ್ತು ಅಥವಾ ಹನ್ನೆರಡು ಇಂಚಿನ ಸಬ್‌ವೂಫರ್. ಕೊಳವೆಯಾಕಾರದ ಬೇಸ್ ಟ್ಯೂಬ್ ಕೂಡ ಇದೇ ಜಾತಿ. ಮೊದಲ ಸಲ ಹಾಕಿಸುವವರಿಗೆ ನನ್ನ ಮತ ಇದಕ್ಕೇ. ಶಂಕು, ಪೆಟ್ಟಿಗೆ, ಆಂಪ್ಲಿಫೈಯರ್ ಮೂರನ್ನೂ ತಯಾರಕರೇ ಒಂದಕ್ಕೊಂದು ಹೊಂದಿಸಿರುವುದರಿಂದ ಎಡವಟ್ಟಿಗೆ ಜಾಗ ಕಡಿಮೆ. ಪಯೋನಿಯರ್, ಸೋನಿ, ಜೆಬಿಎಲ್ ಮೊದಲಾದವರೆಲ್ಲ ಈ ಬಗೆಯದನ್ನು ಮಾರುತ್ತಾರೆ. ಹೆಸರೇ ಕೇಳದ ಕಂಪನಿಯದನ್ನು ಸಾವಿರ ರೂಪಾಯಿ ಉಳಿಯುತ್ತದೆಂದು ತರುವುದಕ್ಕಿಂತ, ಈ ಕಂಪನಿಗಳ ಕೆಳಗಿನ ದರ್ಜೆಯದನ್ನು ವಾರಂಟಿ ಚೀಟಿಯೊಂದಿಗೆ ತರುವುದು ಮೇಲು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಗ್ಗ ಎಂದು ಅಲ್ಲಿಂದ ಹೊತ್ತು ತರುವವರು, ಕೆಟ್ಟಾಗ ಮತ್ತೆ ಅಲ್ಲಿಗೇ ಹೊರಬೇಕು ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿ.

ಮೂರನೆಯದು ಬಿಡಿ ಸಬ್‌ವೂಫರ್, ಬಡಗಿ ಮಾಡಿಕೊಡುವ ಪೆಟ್ಟಿಗೆ, ಪ್ರತ್ಯೇಕ ಮಾನೊಬ್ಲಾಕ್ (ಒಂದೇ ಚಾನೆಲ್ಲಿನ) ಆಂಪ್ಲಿಫೈಯರ್. ಸದ್ದಿನ ಗುಣದಲ್ಲಿ ಇದೇ ಮುಂದು, ತಲೆನೋವಿನಲ್ಲೂ ಇದೇ ಮುಂದು. ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ ಇದು ಹಬ್ಬ.

ಡಬ್ಬದ ಮೇಲಿನ ವ್ಯಾಟನ್ನು ಫ್ಯೂಸಿನಿಂದ ಅಳೆಯಿರಿ

"ಸಾರ್, ಇದು 1200 ವ್ಯಾಟ್" ಎಂಬ ಮಾತು ಕೇಳಿದ ಕೂಡಲೇ ಪೆಟ್ಟಿಗೆಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ದೊಡ್ಡದಾಗಿ ಮುದ್ರಿಸಿರುವುದು ಗರಿಷ್ಠ ಶಕ್ತಿ, ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆದುಕೊಳ್ಳಬಹುದಾದದ್ದು. ಹಾಡು ಪೂರ್ತಿ ನಿಲ್ಲುವ ಶಕ್ತಿಯನ್ನು ಆರ್‌ಎಂಎಸ್ ಎಂದು ಬರೆದಿರುತ್ತಾರೆ. ಅದು 200, 250 ವ್ಯಾಟ್ ಇದ್ದೀತು. ಸಿಇಎ-2006 ಎಂಬ ಗುರುತಿದ್ದರೆ ಒಳ್ಳೆಯದು. ಆ ಮಾನದಂಡದಲ್ಲಿ ಶಕ್ತಿಯನ್ನು 14.4 ವೋಲ್ಟ್‌ನಲ್ಲಿ, 4 ಓಮ್ ವಿದ್ಯುತ್ ತಡೆಯಲ್ಲಿ, ವಿಕೃತಿ ಶೇ 1 ಮೀರದಂತೆ ಅಳೆದಿರಬೇಕು.

ಗುರುತೂ ಇಲ್ಲ, ಸಣ್ಣ ಅಕ್ಷರವೂ ಇಲ್ಲ ಎಂದಾದರೆ ಆಂಪ್ಲಿಫೈಯರಿನ ಪಕ್ಕದಲ್ಲಿರುವ ಫ್ಯೂಸನ್ನು ನೋಡಿ. ಸುಳ್ಳು ಹೇಳುವುದಕ್ಕೆ ಬಾರದ ಭಾಗ ಅದೊಂದೇ. ಅದರ ಮೇಲೆ 25 ಎಂದಿದ್ದರೆ 25 ಆಂಪಿಯರ್. ಎಂಜಿನ್ ಓಡುತ್ತಿರುವಾಗಿನ ಸುಮಾರು 14 ವೋಲ್ಟ್‌ನಿಂದ ಗುಣಿಸಿ: 350 ವ್ಯಾಟ್. ಒಳಗೆ ಹೋಗುವುದೇ ಇಷ್ಟು. ಕ್ಲಾಸ್ ಡಿ ಎಂಬ ಬಗೆಯ ಆಂಪ್ಲಿಫೈಯರ್ ಅದರಲ್ಲಿ ಸುಮಾರು ಶೇ 80ರಷ್ಟನ್ನು ಸದ್ದಿಗೆ ಕೊಡುತ್ತದೆ, ಅಂದರೆ 280 ವ್ಯಾಟ್. ಕ್ಲಾಸ್ ಎಬಿ ಆದರೆ ಶೇ 60, ಅಂದರೆ 210. ಉಳಿದದ್ದು ಬಿಸಿ. 1200 ಎಲ್ಲಿಂದ ಬಂತು ಎಂದು ಅಂಗಡಿಯವರನ್ನು ಕೇಳಬಹುದು. ಜಗಳ ಬೇಡದಿದ್ದರೆ ಕೇಳದೆಯೂ ಇರಬಹುದು.

ಹಾಗಾದರೆ ಎಷ್ಟು ಬೇಕು? ಸಣ್ಣ ಕಾರಿಗೆ 150ರಿಂದ 250 ವ್ಯಾಟ್ ಆರ್‌ಎಂಎಸ್ ಧಾರಾಳ. ಇದಕ್ಕೆ ಎರಡು ಕಾರಣಗಳಿವೆ. ಗಾಜು ಮುಚ್ಚಿದ ಕಾರಿನ ಕಿರಿದಾದ ಒಳಜಾಗ ತಗ್ಗಿನ ಸದ್ದನ್ನು ತಾನೇ ಎತ್ತಿಕೊಡುತ್ತದೆ. ಮನೆಯ ಹಾಲ್‌ನಲ್ಲಿ ಬಡಕಲಾಗಿ ಕೇಳುವ ಸಬ್‌ವೂಫರ್ ಕಾರಿನಲ್ಲಿ ಮೈತುಂಬಿಕೊಳ್ಳುವುದು ಇದರಿಂದಲೇ. ಇನ್ನೊಂದು, ಶಕ್ತಿಯನ್ನು 150ರಿಂದ 300ಕ್ಕೆ ಏರಿಸಿದರೆ ಸದ್ದು ಎರಡು ಪಟ್ಟಾಗುವುದಿಲ್ಲ, ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾಯಿತು ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಸಬ್‌ವೂಫರಿನ ವಿವರದಲ್ಲಿ ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಎಂಬ ಅಳತೆ) ಎಂದು ಕೊಟ್ಟಿರುತ್ತಾರಲ್ಲ, ಅದು 3 ಡೆಸಿಬೆಲ್ ಹೆಚ್ಚಿರುವ ಮಾದರಿ ಸಿಕ್ಕರೆ ಆಂಪ್ಲಿಫೈಯರ್ ಇಮ್ಮಡಿ ಮಾಡಿದಷ್ಟೇ ಲಾಭ, ಖರ್ಚಿಲ್ಲದೆ.

ಬಿಡಿಬಿಡಿಯಾಗಿ ಕೊಳ್ಳುವವರು ಓಮ್ ಹೊಂದುತ್ತದೆಯೇ ಎಂದು ನೋಡಲೇಬೇಕು. ಎರಡು ಸುರುಳಿಗಳಿರುವ, ತಲಾ 4 ಓಮ್‌ನ ಸಬ್‌ವೂಫರನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಾಗಿ ಜೋಡಿಸಿದರೆ 8 ಓಮ್. ತಲಾ 2 ಓಮ್‌ನದಾದರೆ 1 ಅಥವಾ 4. ಆಂಪ್ಲಿಫೈಯರ್ 2 ಓಮ್‌ವರೆಗೆ ಮಾತ್ರ ತಡೆಯುತ್ತದೆ ಎಂದು ಬರೆದಿದ್ದರೆ 1 ಓಮ್ ಜೋಡಣೆ ಅದನ್ನು ಕುದಿಸಿ ಮುಗಿಸುತ್ತದೆ.

ಪೆಟ್ಟಿಗೆ: ಮುಚ್ಚಿದ್ದೋ, ರಂಧ್ರದ್ದೋ

ಪೂರ್ತಿ ಮುಚ್ಚಿದ ಪೆಟ್ಟಿಗೆ ಚಿಕ್ಕದು, ಅಳತೆ ತುಸು ತಪ್ಪಿದರೂ ಕ್ಷಮಿಸುತ್ತದೆ, ಅದರ ಪೆಟ್ಟು ಬಿಗಿ. ಮದ್ದಳೆ, ಮೃದಂಗ, ತಬಲಾ ಕೇಳುವವರಿಗೆ ಇದೇ ಸರಿ. ರಂಧ್ರವಿರುವ ಪೆಟ್ಟಿಗೆ ಅದೇ ಶಕ್ತಿಯಲ್ಲಿ ಹೆಚ್ಚು ಗಟ್ಟಿಯಾಗಿ ಕೂಗುತ್ತದೆ, ಆದರೆ ಗಾತ್ರ ಹೆಚ್ಚು. ರಂಧ್ರದ ಉದ್ದ ಅಗಲಗಳ ಲೆಕ್ಕ ತಪ್ಪಿದರೆ ಎಲ್ಲ ಹಾಡಿಗೂ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಲೆಕ್ಕ ಗೊತ್ತಿಲ್ಲದ ಬಡಗಿಯ ಕೈಯಲ್ಲಿ ರಂಧ್ರದ ಪೆಟ್ಟಿಗೆ ಮಾಡಿಸಬೇಡಿ.

ಹತ್ತು ಇಂಚಿನ ಶಂಕುವಿಗೆ ಮುಚ್ಚಿದ ಪೆಟ್ಟಿಗೆಯ ಒಳಜಾಗ ಸಾಮಾನ್ಯವಾಗಿ 17ರಿಂದ 28 ಲೀಟರ್, ಹನ್ನೆರಡು ಇಂಚಿಗೆ 28ರಿಂದ 35 ಲೀಟರ್. ತಯಾರಕರ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಹನ್ನೆರಡು ಇಂಚಿಗೆ ಒಂದು ಉದಾಹರಣೆ: ಹೊರ ಅಳತೆ 40 ಸೆಂಟಿಮೀಟರ್ ಅಗಲ, 35 ಎತ್ತರ, 32 ಆಳ, ಹಲಗೆ 18 ಮಿಲಿಮೀಟರ್. ಎರಡೂ ಬದಿಯ ಹಲಗೆಯ ದಪ್ಪ ಕಳೆದರೆ ಒಳಗೆ 36.4, 31.4, 28.4. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 32.5 ಲೀಟರ್. ಸಬ್‌ವೂಫರಿನ ಅಯಸ್ಕಾಂತ, ಚೌಕಟ್ಟು ಎರಡು ಮೂರು ಲೀಟರ್ ತಿನ್ನುತ್ತವೆ, ಉಳಿದದ್ದು 30ರ ಆಸುಪಾಸು. ಹೊರ ಅಳತೆಯನ್ನೇ ಗುಣಿಸಿಬಿಡುವುದು ಬಡಗಿಗಳಲ್ಲಿ ಸಾಮಾನ್ಯ. ಹಾಗೆ ಮಾಡಿದರೆ ಇದೇ ಪೆಟ್ಟಿಗೆ 44.8 ಲೀಟರಿನದೆಂದು ಲೆಕ್ಕ ಸಿಗುತ್ತದೆ.

ಪೇಟೆಯ ಅಂಗಡಿಗಳಲ್ಲಿ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯ ಪೆಟ್ಟಿಗೆಗಳೇ ಹೆಚ್ಚು. ಹಾಸನ, ಅರಸೀಕೆರೆ, ಕಡೂರು ಕಡೆಯ ಒಣ ಹವೆಗೆ ಅದು ನಡೆಯುತ್ತದೆ. ಸಕಲೇಶಪುರದಿಂದ ಆಚೆಗೆ, ಅಥವಾ ಆಲ್ದೂರು, ಬಾಳೆಹೊನ್ನೂರು, ಕಳಸದ ಕಡೆಗೆ ಕಾರು ನಿಲ್ಲುವುದಾದರೆ ತೇವ ತಡೆಯುವ ಮರೈನ್ ಪ್ಲೈವುಡ್ ಹಾಕಿಸಿ. ಎಂಡಿಎಫ್ ತೇವ ಕುಡಿದು ಮೂಲೆಗಳಲ್ಲಿ ಉಬ್ಬುತ್ತದೆ, ತಿರುಪು ಸಡಿಲವಾಗುತ್ತದೆ, ಗಾಳಿ ಸೋರುತ್ತದೆ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಹಲಗೆ ಮನೆಯಲ್ಲೇ ಬಿದ್ದಿದೆಯಲ್ಲ, ಅದರಲ್ಲೇ ಮಾಡಿಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ಇಡಿಯ ಮರದ ಹಲಗೆ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗಿ ಕೀಲು ಬಿಡುತ್ತದೆ. ಅದನ್ನು ಬೆಂಚಿಗೋ ಕಪಾಟಿಗೋ ಉಳಿಸಿ.

ಒಳಮೂಲೆಗಳಿಗೆಲ್ಲ ಮರದ ಅಂಟಿನ ಮೇಲೆ ಸಿಲಿಕಾನ್ ಸವರಿಸಿ, ಒಂದು ದಿನ ಒಣಗಲು ಬಿಡಿ. ಶಂಕುವಿನ ಮುಂದೆ ಕಬ್ಬಿಣದ ಜಾಲರಿ ಕಡ್ಡಾಯ. ಮೂಟೆಯ ಮೂಲೆ ಒಮ್ಮೆ ತಾಗಿದರೆ ಕಾಗದದ ಶಂಕು ಹರಿಯುತ್ತದೆ.

ತಂತಿಯಲ್ಲಿ ಜಿಪುಣತನ ಬೇಡ

ಕಡಿಮೆ ಖರ್ಚಿನ ಜೋಡಣೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿ. ಬೆಂಕಿಯ ಅಪಾಯ ಇರುವುದೂ ಇಲ್ಲೇ.

250 ವ್ಯಾಟಿನ ಕ್ಲಾಸ್ ಡಿ ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ ಸುಮಾರು 23 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ ಐದು ಮೀಟರ್ ತಂತಿ ಎಂದಿಟ್ಟುಕೊಳ್ಳಿ. 8 ಗೇಜ್ ತಾಮ್ರದ ತಂತಿ, ಅಂದರೆ ಸುಮಾರು 8.4 ಚದರ ಮಿಲಿಮೀಟರ್, ಹಾಕಿದರೆ ದಾರಿಯಲ್ಲಿ ಸೋರುವುದು ಕಾಲು ವೋಲ್ಟಿನಷ್ಟು. ಮನೆ ವೈರಿಂಗಿಗೆ ಬಳಸಿ ಉಳಿದ 2.5 ಚದರ ಮಿಲಿಮೀಟರ್ ತಂತಿ ಹಾಕಿದರೆ 0.8 ವೋಲ್ಟ್ ಸೋರುತ್ತದೆ, ಸೋರಿದ್ದೆಲ್ಲ ಕಾರ್ಪೆಟ್ಟಿನಡಿ ಬಿಸಿಯಾಗಿ ಕೂರುತ್ತದೆ. ಅಷ್ಟು ಹಣ ಕೊಟ್ಟು ತಂದ ಆಂಪ್ಲಿಫೈಯರಿಗೆ ಅರೆಹೊಟ್ಟೆ.

ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಬರುವುದು ತಾಮ್ರವಲ್ಲ, ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಡಬ್ಬದ ಮೇಲೆ ಸಿಸಿಎ ಎಂದಿರುತ್ತದೆ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದೇ. ವಿದ್ಯುತ್ ಹರಿಸುವ ಅದರ ಸಾಮರ್ಥ್ಯ ತಾಮ್ರದ ಮೂರನೇ ಎರಡರಷ್ಟು. ಬೇರೆ ಸಿಗದಿದ್ದರೆ ಒಂದು ದರ್ಜೆ ದಪ್ಪನೆಯದನ್ನು, ಅಂದರೆ 8 ಗೇಜ್ ಸಾಕಾಗುವ ಕಡೆ 4 ಗೇಜ್ ಹಾಕಿಸಿ (ಗೇಜ್ ಅಂಕಿ ಇಳಿದಷ್ಟೂ ತಂತಿ ದಪ್ಪ).

ಬ್ಯಾಟರಿಯ ಹತ್ತಿರ ಒಂದು ಫ್ಯೂಸ್ ಇರಲೇಬೇಕು. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ, ಈ ಲೆಕ್ಕಕ್ಕೆ 30 ಆಂಪಿಯರಿನದು. "ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇದೆಯಲ್ಲ ಸಾರ್, ಇನ್ನೊಂದು ಏಕೆ?" ಎಂದು ಜೋಡಿಸುವವರು ಕೇಳಿದರೆ ಉತ್ತರ ಸರಳ: ಅದು ಆಂಪ್ಲಿಫೈಯರನ್ನು ಕಾಯುತ್ತದೆ, ಇದು ತಂತಿಯನ್ನು ಕಾಯುತ್ತದೆ. ನಡುವೆ ಎಲ್ಲಾದರೂ ತಂತಿಯ ಸಿಪ್ಪೆ ಸವೆದು ಕಾರಿನ ತಗಡಿಗೆ ತಾಗಿದರೆ, ಡಿಕ್ಕಿಯಲ್ಲಿರುವ ಫ್ಯೂಸಿಗೆ ಅದರ ಸುದ್ದಿಯೇ ಹೋಗುವುದಿಲ್ಲ.

ಜೋಡಣೆ, ಒಂದೊಂದಾಗಿ

ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ. ಕೆಲವು ಕಾರುಗಳ ಸ್ಟೀರಿಯೊ ಮತ್ತೆ ಹೊತ್ತಿಕೊಳ್ಳುವಾಗ ಕೋಡ್ ಕೇಳುತ್ತದೆ, ಅದು ಕೈಯಲ್ಲಿರಲಿ.

ಎಂಜಿನ್ ಕೋಣೆಯಿಂದ ಒಳಗೆ ಬರಲು ತಗಡಿನ ಗೋಡೆಯಲ್ಲಿ ರಬ್ಬರ್ ಬುಶ್ ಇರುವ ರಂಧ್ರ ಈಗಾಗಲೇ ಇರುತ್ತದೆ, ಕಂಪನಿಯ ತಂತಿಗಳು ಹಾದುಬರುವುದು ಅಲ್ಲಿಂದಲೇ. ಅದರಲ್ಲೇ ನುಸುಳಿಸಿ. ಹೊಸದಾಗಿ ಕೊರೆಯಬೇಕಾದರೆ ಅಂಚಿಗೆ ರಬ್ಬರ್ ಹಾಕದೆ ತಂತಿ ಹಾಯಿಸಬೇಡಿ. ನೀರು ಒಳಬರದಂತೆ ಸಿಲಿಕಾನ್ ತುಂಬಿ, ತಂತಿಗೆ ರಂಧ್ರದ ಮುಂಚೆ ಒಂದು ಇಳಿಬಾಗು ಕೊಡಿ. ಮಳೆನೀರು ತಂತಿಗುಂಟ ಒಳಗೆ ಬಾರದೆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಾನೆಟ್ಟಿನೊಳಗಿನ ಭಾಗಕ್ಕೆ ಸುಕ್ಕುಪೈಪ್ ಹೊದಿಸಿ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇಲಿಗಳ ಕಾಟ ಎಷ್ಟೆಂದು ಹೇಳಬೇಕಾಗಿಲ್ಲ.

ವಿದ್ಯುತ್ ತಂತಿ ಕಾರಿನ ಒಂದು ಬದಿಯಲ್ಲಿ ಹೋದರೆ ಸಂಗೀತದ ಆರ್‌ಸಿಎ ತಂತಿ ಇನ್ನೊಂದು ಬದಿಯಲ್ಲಿ ಹೋಗಲಿ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರುವ ಸಾಧ್ಯತೆ ಇದೆ.

ಸಂಗೀತದ ಸಂಕೇತ ಎಲ್ಲಿಂದ? ಹೊರಗಿನಿಂದ ಹಾಕಿಸಿದ ಸ್ಟೀರಿಯೊದ ಹಿಂದೆ ಸಬ್‌ವೂಫರಿನ ಆರ್‌ಸಿಎ ಕಿಂಡಿ ಇರುತ್ತದೆ. ನೀಲಿ-ಬಿಳಿ ತಂತಿ ಆಂಪ್ಲಿಫೈಯರನ್ನು ಎಬ್ಬಿಸುವ ರಿಮೋಟ್ ತಂತಿ. ಕಂಪನಿಯ ಸ್ಟೀರಿಯೊದಲ್ಲಿ ಹೆಚ್ಚಾಗಿ ಎರಡೂ ಇರುವುದಿಲ್ಲ. ಆಗ ಹಿಂದಿನ ಸ್ಪೀಕರಿನ ತಂತಿಯಿಂದ ಕವಲು ತೆಗೆದು ಸಬ್‌ವೂಫರಿನ ಹೈ-ಲೆವೆಲ್ ಕಿಂಡಿಗೆ ಕೊಡಬೇಕು. ಅನೇಕ ಮಾದರಿಗಳು ಆ ಸಂಕೇತ ಬಂದೊಡನೆ ತಾವೇ ಎಚ್ಚರಗೊಳ್ಳುತ್ತವೆ. ಕೊಳ್ಳುವ ಮುನ್ನ ಈ ಸೌಲಭ್ಯ ಇದೆಯೇ ಎಂದು ಖಚಿತಪಡಿಸಿಕೊಂಡರೆ ಅರ್ಧ ಕೆಲಸ ಕಡಿಮೆ. ಇಲ್ಲದಿದ್ದರೆ ಚಾವಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸೊಂದರಿಂದ ರಿಮೋಟ್ ತಂತಿಯನ್ನು ಎಳೆಯಬೇಕು. ಸದಾ ಜೀವವಿರುವ ಹಳದಿ ತಂತಿಗೆ ಕಟ್ಟಿದರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ. ಕಂಪನಿಯ ತಂತಿಯನ್ನು ಕತ್ತರಿಸಲು ಬಿಡಬೇಡಿ. ನಿಮ್ಮ ಕಾರಿನ ಮಾದರಿಗೆ ಹೊಂದುವ ಕಪ್ಲರ್ ಸಿಗುತ್ತದೆ. ತಂತಿ ಕತ್ತರಿಸಿದ್ದನ್ನು ಕಂಡರೆ ವಾರಂಟಿಯ ಸಮಯದಲ್ಲಿ ಸರ್ವೀಸ್ ಕೇಂದ್ರದವರು ಎಲ್ಲ ದೋಷಕ್ಕೂ ಅದನ್ನೇ ಬೆರಳು ಮಾಡಿ ತೋರಿಸುತ್ತಾರೆ.

ಇನ್ನು ಬಾಡಿ ಅರ್ತ್, ಅಂದರೆ ಆಂಪ್ಲಿಫೈಯರಿನ ಋಣ ತಂತಿಯನ್ನು ಕಾರಿನ ತಗಡಿಗೆ ಜೋಡಿಸುವುದು. ಡಿಕ್ಕಿಯ ತಗಡಿನಲ್ಲಿ ಒಂದು ಜಾಗವನ್ನು ಮರಳುಕಾಗದದಿಂದ ಬಣ್ಣ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ, ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಅದುಮಿ ಕೂರಿಸಿದ ತಂತಿಯನ್ನು ಬೋಲ್ಟಿನಿಂದ ಬಿಗಿಯಿರಿ. ತಂತಿ ವಿದ್ಯುತ್ ತಂತಿಯಷ್ಟೇ ದಪ್ಪ ಇರಲಿ, ಅರ್ಧ ಮೀಟರಿಗಿಂತ ಉದ್ದ ಬೇಡ. ಮೇಲೆ ತುಕ್ಕು ಹಿಡಿಯದಂತೆ ಬಣ್ಣವನ್ನೋ ಗ್ರೀಸನ್ನೋ ಸವರಿ. ಸೀಟ್ ಬೆಲ್ಟಿನ ಬೋಲ್ಟ್ ಸುಲಭಕ್ಕೆ ಸಿಗುತ್ತದೆಂದು ಅದಕ್ಕೆ ಕಟ್ಟುವವರುಂಟು. ಜೀವ ಕಾಯುವ ಬೋಲ್ಟನ್ನು ಹಾಡಿಗಾಗಿ ಬಿಚ್ಚಬಾರದು. ಸಬ್‌ವೂಫರಿನ ಅರ್ಧಕ್ಕರ್ಧ ದೂರುಗಳು, ಅಂದರೆ ಗುಂಯ್‌ಗಾಟ, ಆಗಾಗ ಆರುವುದು, ಶಕ್ತಿಯೇ ಇಲ್ಲ ಅನ್ನಿಸುವುದು, ಈ ಒಂದು ಬೋಲ್ಟನ್ನು ಸರಿಯಾಗಿ ಬಿಗಿದರೆ ಹೋಗುತ್ತವೆ ಎಂಬುದು ನನ್ನ ಅನುಭವ.

ಪೆಟ್ಟಿಗೆಯನ್ನು ಕಟ್ಟಿಹಾಕಿ. ಚಾರ್ಮಾಡಿಯ ತಿರುವಿನಲ್ಲಿ, ಶಿರಾಡಿಯ ಇಳಿಜಾರಿನಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ ಇಪ್ಪತ್ತು ಕಿಲೋ ತೂಗುವ ಪೆಟ್ಟಿಗೆ ಹಿಂದಿನ ಸೀಟಿನವರ ಬೆನ್ನಿಗೆ ಬರಬಾರದು. ಡಿಕ್ಕಿಯ ಕೊಂಡಿಗಳಿಗೆ ಬಕಲ್ ಇರುವ ಪಟ್ಟಿ ಹಾಕಿ ಬಿಗಿದರೆ ಸಾಕು. ತಿರುಪು ಹೊಡೆದು ಕಾಯಂ ಮಾಡಬೇಡಿ, ಏಕೆಂದರೆ ಬಹಳಷ್ಟು ಕಾರುಗಳಲ್ಲಿ ಸ್ಟೆಪ್ನಿ ಇರುವುದು ಡಿಕ್ಕಿಯ ನೆಲದಡಿಯಲ್ಲಿ. ಕೊಟ್ಟಿಗೆಹಾರದ ಮಂಜಿನಲ್ಲಿ ಪಂಕ್ಚರ್ ಆದಾಗ ಸ್ಕ್ರೂಡ್ರೈವರ್ ಹುಡುಕುವ ಪಾಡು ಯಾರಿಗೂ ಬೇಡ. ತಂತಿಗಳಿಗೂ ಎಳೆದರೆ ಬಿಡಿಸಿಕೊಳ್ಳುವ ಕನೆಕ್ಟರ್ ಹಾಕಿಸಿದರೆ ಕೊಯ್ಲಿನ ಕಾಲಕ್ಕೆ ಎರಡು ನಿಮಿಷದಲ್ಲಿ ಪೆಟ್ಟಿಗೆ ಮನೆಯೊಳಗೆ.

ಸಣ್ಣ ಕಾರುಗಳಲ್ಲಿ ಶಂಕುವಿನ ಮುಖ ಹಿಂಬಾಗಿಲಿನ ಕಡೆಗಿದ್ದರೆ ಸಾಮಾನ್ಯವಾಗಿ ಬೇಸ್ ಹೆಚ್ಚು ತುಂಬಿ ಬರುತ್ತದೆ. ಮೊದಲು ಹಾಗೆ ಇಟ್ಟು, ಆಮೇಲೆ ತಿರುಗಿಸಿ ಇಟ್ಟು, ಎರಡನ್ನೂ ಕೇಳಿಯೇ ಪಟ್ಟಿ ಬಿಗಿಯಿರಿ.

ಶ್ರುತಿ ಕೂಡಿಸುವುದು

ಗೇನ್ ಎಂಬ ತಿರುಪನ್ನು ವಾಲ್ಯೂಮ್ ಎಂದು ತಿಳಿದು ಕೊನೆಯವರೆಗೆ ತಿರುಗಿಸುವುದೇ ಸಬ್‌ವೂಫರ್ ಸುಡುವ ರಾಜಮಾರ್ಗ. ಸ್ಟೀರಿಯೊದಿಂದ ಬರುವ ಸಂಕೇತದ ಮಟ್ಟಕ್ಕೆ ಆಂಪ್ಲಿಫೈಯರನ್ನು ಹೊಂದಿಸುವುದಷ್ಟೇ ಅದರ ಕೆಲಸ.

ಎಂಜಿನ್ ಚಾಲೂ ಇರಲಿ. ಸ್ಟೀರಿಯೊದಲ್ಲಿ ಬೇಸ್, ಲೌಡ್‌ನೆಸ್ ಸೊನ್ನೆ. ಆಂಪ್ಲಿಫೈಯರಿನಲ್ಲಿ ಬೇಸ್ ಬೂಸ್ಟ್ ಸೊನ್ನೆ, ಲೋ ಪಾಸ್ (ಇಟ್ಟ ಅಂಕಿಗಿಂತ ಮೇಲಿನ ಸದ್ದನ್ನು ತಡೆಯುವ ಗುಂಡಿ) 80 ಹರ್ಟ್ಸ್, ಗೇನ್ ತೀರಾ ಕೆಳಗೆ. ಸ್ಟೀರಿಯೊದಲ್ಲಿ ಹೈ ಪಾಸ್, ಅಂದರೆ ತಗ್ಗಿನ ಸದ್ದನ್ನು ತಡೆಯುವ ಸೌಲಭ್ಯವಿದ್ದರೆ ಬಾಗಿಲಿನ ಸ್ಪೀಕರುಗಳಿಗೂ 80 ಕೊಡಿ. ತಗ್ಗಿನ ಹೊರೆ ಇಳಿದ ಮೇಲೆ ಅವುಗಳ ಧ್ವನಿ ಎಷ್ಟು ತಿಳಿಯಾಗುತ್ತದೆ ಎಂದು ನೋಡಿ ಅನೇಕರಿಗೆ ಸಬ್‌ವೂಫರಿಗಿಂತ ಹೆಚ್ಚು ಖುಷಿ ಅದರಿಂದಲೇ ಆಗುತ್ತದೆ. ಈಗ ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ, ಪರಿಚಿತ ಹಾಡೊಂದನ್ನು ಹಾಕಿ, ಗೇನನ್ನು ನಿಧಾನ ಏರಿಸುತ್ತಾ ಹೋಗಿ. ಪೆಟ್ಟು ಒಡೆದಂತೆ, ಚಪ್ಪಟೆಯಾದಂತೆ ಕೇಳಿದ ತಕ್ಷಣ ನಿಲ್ಲಿಸಿ ತುಸು ಹಿಂದಕ್ಕೆ ತನ್ನಿ.

ಬಿಡಿ ಆಂಪ್ಲಿಫೈಯರ್ ಇರುವವರು ಮಲ್ಟಿಮೀಟರಿನಿಂದ ಇನ್ನೂ ಕರಾರುವಾಕ್ಕಾಗಿ ಮಾಡಬಹುದು. ಬೇಕಾದ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 150 ವ್ಯಾಟ್, 4 ಓಮ್ ಆದರೆ 600ರ ವರ್ಗಮೂಲ, ಸುಮಾರು 24.5 ವೋಲ್ಟ್. 250 ವ್ಯಾಟ್, 4 ಓಮ್ ಆದರೆ 31.6. ಸಬ್‌ವೂಫರಿನ ತಂತಿ ಬಿಚ್ಚಿ, ಮೀಟರನ್ನು ಎ.ಸಿ. ವೋಲ್ಟಿಗೆ ಇಟ್ಟು, ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಿಗೆ ಹಿಡಿದು, ಪೂರ್ಣ ಮಟ್ಟದ 50 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ಮುಕ್ಕಾಲು ವಾಲ್ಯೂಮಿನಲ್ಲಿ ನುಡಿಸಿ. ಮೀಟರ್ ಆ ಅಂಕಿ ತೋರಿಸುವಲ್ಲಿ ಗೇನ್ ನಿಲ್ಲಿಸಿ, ಆಂಪ್ಲಿಫೈಯರ್ ಆರಿಸಿ, ತಂತಿ ಮತ್ತೆ ಜೋಡಿಸಿ.

ಸದ್ದಿನ ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಗುಂಡಿಯನ್ನು ಚಾಲಕನ ಸೀಟಿನಲ್ಲಿ ಕುಳಿತು ತೀರ್ಮಾನಿಸಬೇಕು. ಒಬ್ಬರು ಡಿಕ್ಕಿಯ ಬಳಿ ನಿಂತು 0 ಮತ್ತು 180ರ ನಡುವೆ ಬದಲಿಸುತ್ತಿರಲಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೆಯೋ ಅದೇ ಸರಿ.

ಲೋ ಪಾಸ್ ಸರಿಯಿದೆಯೇ ಎಂದು ತಿಳಿಯಲು ಹಾಡು ಬೇಡ, ಆಕಾಶವಾಣಿಯ ವಾರ್ತೆ ಹಾಕಿ. ಗಂಡಸರ ಮಾತಿನ ಮೂಲಸ್ವರ ಸುಮಾರು 85 ಹರ್ಟ್ಸ್‌ನಿಂದ ಮೇಲಕ್ಕೆ ಇರುತ್ತದೆ. ವಾರ್ತೆ ಓದುವವರು ಡಿಕ್ಕಿಯೊಳಗೆ ಕುಳಿತು ಓದಿದಂತೆ ಕೇಳಿದರೆ ಲೋ ಪಾಸ್ ಹೆಚ್ಚಾಗಿದೆ, 70ರ ಕಡೆಗೆ ಇಳಿಸಿ. 80ಕ್ಕಿಂತ ತಗ್ಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಹೇಳಲಾರದು. ಹೊಂದಾಣಿಕೆ ಸರಿಯಾದಾಗ ಸಬ್‌ವೂಫರ್ ಹಿಂದೆ ಇದೆ ಎಂಬುದೇ ಗೊತ್ತಾಗುವುದಿಲ್ಲ, ಎಲ್ಲವೂ ಡ್ಯಾಶ್‌ಬೋರ್ಡಿನ ಕಡೆಯಿಂದ ಬಂದಂತಿರುತ್ತದೆ. ಆಮೇಲೆ ಡೊಳ್ಳು, ವೀರಗಾಸೆ, ಸಿನಿಮಾ ಹಾಡು, ಏನು ಬೇಕಾದರೂ.

ಗಡಗಡ ಎನ್ನುವುದು ಬೇಸ್ ಅಲ್ಲ

ಹೊಸ ಸಬ್‌ವೂಫರ್ ಹಾಕಿದ ದಿನವೇ ನಂಬರ್ ಪ್ಲೇಟ್, ಡಿಕ್ಕಿಯ ಪ್ಲಾಸ್ಟಿಕ್, ಹಿಂದಿನ ಟ್ರೇ, ಜ್ಯಾಕಿನ ಚೀಲ ಎಲ್ಲವೂ ಹಾಡಲು ಶುರುಮಾಡುತ್ತವೆ. ಒಬ್ಬರು ಒಳಗೆ ಕುಳಿತು ಹಾಡು ಹಾಕಲಿ, ಇನ್ನೊಬ್ಬರು ಹೊರಗಿನಿಂದ ಒಂದೊಂದನ್ನೇ ಅಂಗೈಯಿಂದ ಒತ್ತಿ ನೋಡಲಿ. ಸದ್ದು ನಿಂತ ಜಾಗಕ್ಕೆ ಫೋಮ್ ಟೇಪ್. ಹಿಂಬಾಗಿಲಿನ ತಗಡಿಗೆ ಅದುರುವಿಕೆ ತಡೆಯುವ ಬ್ಯೂಟೈಲ್ ಹಾಳೆ ಅಂಟಿಸಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ, ಇಡೀ ಕಾರಿಗೆ ಅಂಟಿಸುವ ಖರ್ಚು ಈ ಬಜೆಟ್ಟಿಗೆ ಬೇಡ.

ದಾರಿಯಲ್ಲಿ

ಬೇಸ್ ಮಟ್ಟ ಏರಿಸಿ ಇಳಿಸುವ ಸಣ್ಣ ನಾಬ್ ಅನೇಕ ಮಾದರಿಗಳ ಜೊತೆ ಬರುತ್ತದೆ. ಅದನ್ನು ಡಬ್ಬದಲ್ಲೇ ಬಿಡದೆ ಸ್ಟೀರಿಂಗಿನ ಬಳಿ ಕೈಗೆಟುಕುವಂತೆ ಹಾಕಿಸಿ. ಆಲೂರು, ಸಕಲೇಶಪುರ, ಬೇಲೂರು ಕಡೆಯ ತೋಟದ ದಾರಿಗಳಲ್ಲಿ ಸಂಜೆಯ ಮೇಲೆ ಆನೆ ಎದುರಾಗುವ ಭಯ ಇದ್ದೇ ಇದೆ. ಅಂಥ ಕಡೆ ನಾಬ್ ಸೊನ್ನೆಗೆ ಬರಲಿ, ಗಾಜು ತುಸು ಇಳಿಯಲಿ. ಬಿದಿರು ಮುರಿಯುವ ಸದ್ದು ಕಿವಿಗೆ ಬೀಳಬೇಕು. ಊರೊಳಗೆ ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ತಗ್ಗಿನ ಸದ್ದು ಗೋಡೆ ದಾಟಿ ಹೋಗುವುದರಿಂದ ಗಾಜು ಏರಿಸಿದ ಮಾತ್ರಕ್ಕೆ ಪಕ್ಕದ ಮನೆಯವರು ಪಾರಾಗುವುದಿಲ್ಲ.

ಎಂಜಿನ್ ನಿಲ್ಲಿಸಿ ಹಾಡು ಕೇಳುತ್ತಾ ಕೂರುವ ಅಭ್ಯಾಸವಿದ್ದರೆ ಸಬ್‌ವೂಫರನ್ನು ಆರಿಸಿಡಿ. ಸಣ್ಣ ಪೆಟ್ರೋಲ್ ಕಾರುಗಳ 35 ಆಂಪಿಯರ್-ಅವರ್ ಬ್ಯಾಟರಿ ಅದಕ್ಕೆ ಹೆಚ್ಚು ಹೊತ್ತು ಬಾಳುವುದಿಲ್ಲ. ಮುಳ್ಳಯ್ಯನಗಿರಿಯ ಚಳಿಯಲ್ಲಿ ತಳ್ಳಲು ಜನ ಹುಡುಕುವುದು ಕಷ್ಟ.

ಬಿಲ್ ಜೋಪಾನವಾಗಿಡಿ. ಕಂಪನಿ ಅಳವಡಿಸದ ವಿದ್ಯುತ್ ಉಪಕರಣಗಳನ್ನು ವಿಮಾ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿದ್ದರೆ ಮಾತ್ರ ಅವುಗಳ ನಷ್ಟಕ್ಕೆ ಪರಿಹಾರ ಕೇಳಬಹುದು. ನವೀಕರಣದ ಸಮಯದಲ್ಲಿ ಇದನ್ನು ಹೇಳಿ ಬರೆಸಿ.

ಮೊದಲ ಘಾಟಿ ಪ್ರಯಾಣ ಮುಗಿದ ಮೇಲೆ ಅರ್ತ್ ಬೋಲ್ಟ್, ಬ್ಯಾಟರಿ ತುದಿ, ಪೆಟ್ಟಿಗೆಯ ಪಟ್ಟಿ ಮೂರನ್ನೂ ಒಮ್ಮೆ ಬಿಗಿ ಮಾಡಿ. ಮಳೆಗಾಲ ಕಳೆದ ಮೇಲೆ ಅರ್ತ್ ಜಾಗದಲ್ಲಿ ತುಕ್ಕು ಬಂದಿದೆಯೇ ನೋಡಿ ಮತ್ತೆ ಉಜ್ಜಿ ಕಟ್ಟಿ. ಅದೇ ಅಳತೆಯ ಎರಡು ಫ್ಯೂಸ್‌ಗಳು ಗ್ಲೋವ್ ಬಾಕ್ಸಿನಲ್ಲಿರಲಿ. ಒಂದು ಸುಟ್ಟರೆ ಇನ್ನೊಂದನ್ನು ಹಾಕುವ ಮುನ್ನ ತಂತಿಯ ಉದ್ದಕ್ಕೂ ಕಣ್ಣಾಡಿಸಿ ಎಲ್ಲಿ ಸವೆದಿದೆ ಎಂದು ಹುಡುಕಿ. ಎರಡನೆಯದೂ ಸುಟ್ಟರೆ ದೊಡ್ಡ ಫ್ಯೂಸನ್ನಾಗಲಿ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನಾಗಲಿ ತುರುಕದೆ, ಬ್ಯಾಟರಿಯ ಬಳಿಯೇ ಆ ತಂತಿ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಕಾರನ್ನು ಮೆಕ್ಯಾನಿಕ್ ಬಳಿಗೆ ಒಯ್ಯಿರಿ.